ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ



ವಿವಾಹದ ದಿವಸ ದೇವರ ಮುಂದೆಯೂ ಸಭೆಯ ಮುಂದೆಯೂ ವಧೂವರರು ಮಾಡುವ ಪ್ರತಿಜ್ಞೆಯಲ್ಲಿ ರೋಗದ ಮಾತೂ ಸೇರಿರುವದೆಂದು ನಾವೆಲ್ಲರೂ ಬಲ್ಲೆವು. ಆದರೆ ಆ ದಿವಸ ಅದನ್ನು ಮನಸ್ಸಿಟ್ಟು ಕೇಳುವವರು ಯಾರು? ವರನಿಗೆ ಹೊಸ ಅಂಗಿಯ ಕೊರಳಪಟ್ಟಿಯ ಚಿಂತೆ, ವಧುವಿಗೆ ತಲೆಯ ಮುಸುಕಿನ ಚಿಂತೆ, ತಂದೆತಾಯಿಗಳಿಗೆ ಊಟದ ಪಂಕ್ತಿಯ ಚಿಂತೆ. ಬೋಧಕರು ಹೇಳಿಕೊಟ್ಟದ್ದನ್ನು ಇಬ್ಬರೂ ಹಿಂದಿನಿಂದ ಹೇಳಿಬಿಡುವರು. ಹದಿನೈದು ಇಪ್ಪತ್ತು ವರುಷಗಳಾದ ಮೇಲೆ ಒಂದು ದಿವಸ ವೈದ್ಯರು ಕಾಗದವನ್ನು ನೋಡಿ ತಲೆ ಎತ್ತುವಾಗ ಆ ಪ್ರತಿಜ್ಞೆಯು ತಾನಾಗಿಯೇ ಎದ್ದು ಎದುರಿಗೆ ನಿಲ್ಲುವದು.

ಈ ತಿಂಗಳು ನಾವು ಕ್ಯಾನ್ಸರ್ ಎಂಬ ಹೆಸರನ್ನು ಮುಚ್ಚಿಡದೆ ಹೇಳಿಯೇ ಬರೆಯುತ್ತೇವೆ. ನಮ್ಮ ಮಲೆನಾಡಿನ ಅನೇಕ ಮನೆಗಳಲ್ಲಿ ಅದಕ್ಕೆ "ಆ ಕಾಯಿಲೆ" ಎಂಬದೇ ಹೆಸರು. ಹೆಸರು ಹೇಳಿದರೆ ಅದು ಬಾಗಿಲಿಗೆ ಬಂದೀತೆಂಬಂತೆ ದನಿ ತಗ್ಗಿಸುವರು. ಹೆಂಡತಿಗೆ ಬಂದರೆ ಅವಳನ್ನು ಹೊರಗೆ ಕೂರಿಸಿ ಗಂಡನಿಗೂ ಮೈದುನನಿಗೂ ತಿಳಿಸುವರು. ಕಡೆಗೆ ಎಲ್ಲರಿಗೂ ಗೊತ್ತಿರುವದು, ಎಲ್ಲರೂ ಗೊತ್ತಿಲ್ಲದವರ ಹಾಗೆ ನಡೆಯುವರು. ಹೀಗೆ ರೋಗಿಯು ತನ್ನ ಮನೆಯಲ್ಲಿಯೇ ಒಂಟಿಯಾಗುವದುಂಟು.

ಆದರೂ ನಾವು ಹೇಳಬೇಕೆಂದಿರುವದು ರೋಗವನ್ನು ಕುರಿತಲ್ಲ, ಶಸ್ತ್ರಚಿಕಿತ್ಸೆಯಾದ ಮೇಲಿನ ದಿವಸಗಳನ್ನು ಕುರಿತು. ಶಸ್ತ್ರಚಿಕಿತ್ಸೆಯು ಕೆಲವು ತಾಸುಗಳ ಕೆಲಸ. ಆ ತಾಸುಗಳಲ್ಲಿ ಬಂಧುಗಳೂ ಸಭೆಯವರೂ ಮೊಣಕಾಲೂರುವರು, ಫೋನು ಮಾಡುವರು, ಹಣ ಕೂಡಿಸುವರು. ಗಡ್ಡೆಯನ್ನು ತೆಗೆದಾಯಿತೆಂಬ ಸುದ್ದಿ ಬಂದ ಕೂಡಲೇ ಸ್ತೋತ್ರ ಸಲ್ಲಿಸಿ ತಮ್ಮ ತಮ್ಮ ತೋಟಗದ್ದೆಗಳಿಗೆ ಹಿಂದಿರುಗುವರು. ಅದು ತಪ್ಪೆಂದು ನಾವು ಹೇಳುವದಿಲ್ಲ, ತೋಟ ಕಾಯುವದಿಲ್ಲವಷ್ಟೆ. ಆದರೆ ಮನೆಗೆ ಬಂದ ರೋಗಿಯ ಮುಂದೆ ಇನ್ನೂ ಆರು ತಿಂಗಳು, ಕೆಲವರಿಗೆ ಒಂದು ವರುಷ, ನಡೆಯಬೇಕಾದ ದಾರಿಯುಂಟು. ಆ ದಾರಿಯಲ್ಲಿ ಜೊತೆಗೆ ಉಳಿಯುವವರು ಸಾಮಾನ್ಯವಾಗಿ ಒಬ್ಬರೇ.

ಜಯಪುರದ ಪೇಟೆಯಿಂದ ಸ್ವಲ್ಪ ಒಳಗೆ, ತೋಟದ ದಾರಿಯಲ್ಲಿ ಇರುವ ಒಂದು ಮನೆಯನ್ನು ನಾವು ಬಲ್ಲೆವು. ಆ ಮನೆಯವರ ಅಪ್ಪಣೆಯಿಂದಲೇ ಬರೆಯುತ್ತೇವೆ. ಗುರುತು ಹತ್ತದಂತೆ ಕೆಲವನ್ನು ಬಿಟ್ಟಿದ್ದೇವೆ. ಆ ತಾಯಿಯ ಬಲ ಸ್ತನದಲ್ಲಿ ಒಂದು ಗಂಟು ಕಾಣಿಸಿತು. ಕಾಫಿ ಕೊಯ್ಲಿನ ಕಾಲ. ಕೊಯ್ಲು ಮುಗಿಯಲಿ ಎಂದು ಅವಳು ಎರಡು ತಿಂಗಳು ಯಾರಿಗೂ ಹೇಳಲಿಲ್ಲ. ನೋವು ಇಲ್ಲದ ಗಂಟು ಏನು ಮಾಡೀತು ಎಂದುಕೊಂಡಳಂತೆ. ಈ ಮಾತನ್ನು ನಮ್ಮ ತಾಯಂದಿರು ಲಕ್ಷ್ಯವಿಟ್ಟು ಓದಲಿ: ಈ ರೋಗದ ಗಂಟು ಮೊದಲಲ್ಲಿ ಹೆಚ್ಚಾಗಿ ನೋಯುವದಿಲ್ಲ. ಕಡೆಗೆ ಘಟ್ಟದ ಕೆಳಗಿನ ಆಸ್ಪತ್ರೆಯಲ್ಲಿ ಸ್ತನವನ್ನೂ ಕಂಕುಳಿನ ಹಾಲ್ರಸದ ಗ್ರಂಥಿಗಳನ್ನೂ ತೆಗೆದರು. ಹಿಂದಿರುಗಿ ಬರುವಾಗ ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಬಾಡಿಗೆಯ ಕಾರು ಓಲಾಡಿದಾಗಲೆಲ್ಲ ಗಂಡನು ಒಂದು ಸಣ್ಣ ತಲೆದಿಂಬನ್ನು ಅವಳ ಕಂಕುಳಿನ ಕೆಳಗೆ ಒತ್ತಿ ಹಿಡಿದುಕೊಂಡಿದ್ದನು. ಇದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ.

ನಾವು ಆ ಮನೆಗೆ ಹೋದದ್ದು ಐದನೆಯ ದಿವಸ. ನಾಲ್ವರು ಹೋದೆವು. ಒಂದು ಅಧ್ಯಾಯವನ್ನು ಓದಿದೆವು, ದೀರ್ಘವಾಗಿ ಪ್ರಾರ್ಥಿಸಿದೆವು, ನಮಗೆ ಗೊತ್ತಿದ್ದ ಬೇರೆ ರೋಗಿಗಳ ಕಥೆಗಳನ್ನೂ ಹೇಳಿದೆವು. (ಅವರಲ್ಲಿ ಒಬ್ಬರು ತೀರಿಹೋದವರೆಂದು ಕಥೆಯ ನಡುವೆ ನೆನಪಾಗಿ ಅಲ್ಲಿಯೇ ನಿಲ್ಲಿಸಬೇಕಾಯಿತು.) ಗಂಡನು ಜಗಲಿಯಲ್ಲಿ ನಮ್ಮ ಎದುರಿಗೆ ಕುಳಿತಿದ್ದನು. ಸಹಾಯಕ್ಕೆ ಬಂದಿದ್ದ ಅವಳ ತಂಗಿಯು ಬಟ್ಟೆ ಒಗೆಯಲು ಹಳ್ಳಕ್ಕೆ ಹೋಗಿದ್ದಳು. ಒಳಗಿನಿಂದ ಕಾಫಿ ಬಂತು. ತಂದವಳು ಆ ತಾಯಿಯೇ. ತಟ್ಟೆಯನ್ನು ಎಡಗೈಯಲ್ಲಿ ಹಿಡಿದಿದ್ದಳು. ಬಲಗೈ ಮೈಗೆ ಅಂಟಿಕೊಂಡಿತ್ತು. ಸೆರಗಿನ ಕೆಳಗೆ ರಬ್ಬರಿನ ನಳಿಗೆಗೆ ಸೇರಿಸಿದ ಡಬ್ಬಿಯು ತೂಗುತ್ತಿತ್ತು. ಲೋಟಗಳು ಒಂದಕ್ಕೊಂದು ತಗಲಿ ಸದ್ದಾದಾಗ ನಾವು ನೋಡಿದೆವು. ನೋಡಿಯೂ ನಾಲ್ವರಲ್ಲಿ ಒಬ್ಬರೂ ಏಳಲಿಲ್ಲ, ಗಂಡನೂ ಏಳಲಿಲ್ಲ. ಕಾಫಿಯನ್ನು ಕುಡಿದು ಬಂದೆವು.

ದಾರಿಯಲ್ಲಿ ನಮ್ಮಲ್ಲೊಬ್ಬರು, ಪೇತ್ರನ ಅತ್ತೆಯ ಹಾಗೆ ಎದ್ದು ಉಪಚಾರ ಮಾಡಿದಳಲ್ಲಾ ಎಂದು ಮೆಚ್ಚಿ ನುಡಿದರು. ನಾವೂ ಹೌದೆಂದೆವು. ಆ ರಾತ್ರಿ ಆ ಮಾತು ನಮ್ಮನ್ನು ಮಲಗಗೊಡಲಿಲ್ಲ. ಮಾರ್ಕನ ಸುವಾರ್ತೆಯ ಮೊದಲನೆಯ ಅಧ್ಯಾಯದಲ್ಲಿ ಆ ಅತ್ತೆಯು ಎದ್ದು ಬಡಿಸಿದಳೆಂಬದು ನಿಜ. ಆದರೆ ಅದಕ್ಕೆ ಮುಂಚೆ ಕರ್ತನು ತಾನೇ ಬಳಿಗೆ ಹೋಗಿ ಕೈ ಹಿಡಿದು ಎಬ್ಬಿಸಿದನು, ಜ್ವರವು ಪೂರ್ಣವಾಗಿ ಬಿಟ್ಟಿತು. ನಾವು ಯಾರ ಕೈಯನ್ನು ಹಿಡಿದೆವು? ಹೊಲಿಗೆ ಒಣಗದವಳಿಂದ ಕಾಫಿ ಮಾಡಿಸಿಕೊಂಡು ಅದಕ್ಕೆ ಸತ್ಯವೇದದ ಹೆಸರನ್ನು ಇಟ್ಟೆವು. ಈ ವಚನಭಾಗವನ್ನು ನಮ್ಮ ಗಂಡಸರು ಎಷ್ಟು ತಲೆಮಾರುಗಳಿಂದ ತಮ್ಮ ಅನುಕೂಲಕ್ಕೆ ಓದಿಕೊಂಡು ಬಂದಿದ್ದೇವೆಂಬದನ್ನು ನೆನಸಿದರೆ ನಾಚಿಕೆಯಾಗುವದು.

ಆ ಮನೆಯೊಳಗೆ ನಡೆದ ಇನ್ನೊಂದು ಸಂಗತಿಯು ನಮಗೆ ಬಹಳ ದಿವಸಗಳಾದ ಮೇಲೆ ತಿಳಿಯಿತು. ಗಾಯದ ಪಟ್ಟಿಯನ್ನು ತಂಗಿಯೇ ನೋಡಿಕೊಳ್ಳುತ್ತಿದ್ದಳು. ಆ ಹೊತ್ತಿಗೆ ಸರಿಯಾಗಿ ಗಂಡನಿಗೆ ತೋಟದಲ್ಲಿ ಕೆಲಸ ಬರುತ್ತಿತ್ತು. ರಾತ್ರಿ ಅವನು ಜಗಲಿಯಲ್ಲಿ ಮಲಗುತ್ತಿದ್ದನು. ತನ್ನ ಕೈ ತಾಗಿ ಅವಳಿಗೆ ನೋವಾದೀತೆಂಬದು ಅವನ ಕಾರಣ. ಅವಳು ಕಂಡುಕೊಂಡ ಕಾರಣವು ಬೇರೆ. ತನ್ನನ್ನು ನೋಡುವದಕ್ಕೆ ಅವನಿಗೆ ಅಸಹ್ಯವಾಗಿದೆ ಎಂದು ಅವಳು ನಿಶ್ಚಯಿಸಿಕೊಂಡಳು. ಅವನು ಪ್ರೀತಿಯಿಂದಲೂ ಭಯದಿಂದಲೂ ದೂರ ಮಲಗಿದನು, ಅವಳು ಅದನ್ನು ತಿರಸ್ಕಾರವೆಂದು ತಿಳಿದಳು. ಇಬ್ಬರ ನಡುವೆ ಇದ್ದದ್ದು ಒಂದು ಬಾಗಿಲು ಮಾತ್ರ.

ಒಂಬತ್ತನೆಯ ದಿವಸ ತಂಗಿಯು ಮಕ್ಕಳ ಪರೀಕ್ಷೆಯೆಂದು ಊರಿಗೆ ಹೊರಟಳು. ನಳಿಗೆಯ ಡಬ್ಬಿಯನ್ನು ಬರಿದು ಮಾಡಿ, ಎಷ್ಟು ನೀರು ಇಳಿಯಿತೆಂದು ದಿನಾಲು ಬರೆದಿಡುವ ಕೆಲಸವಿತ್ತು. ಅದು ದಿನಕ್ಕೆ 30 ಮಿಲಿಲೀಟರಿನಷ್ಟಕ್ಕೆ ಇಳಿದ ಮೇಲೆ ನಳಿಗೆಯನ್ನು ತೆಗೆಯುವರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಗಂಡನು ಸಾಬೂನಿನಿಂದ ಕೈ ತೊಳೆದುಕೊಂಡು ಬಂದು ಕುಳಿತನು. ಪಟ್ಟಿಯನ್ನು ಬಿಚ್ಚುವಾಗ ಕಣ್ಣು ಮುಚ್ಚಿಕೊಂಡನಂತೆ. ಅವಳು, "ಬೇಡವಾದರೆ ಬಿಡಿ, ಕನ್ನಡಿ ಇಟ್ಟುಕೊಂಡು ನಾನೇ ಮಾಡುತ್ತೇನೆ" ಎಂದಳು. ಆಗ ಅವನು ನೋಡಿದನು. ಎದೆಯಿಂದ ಕಂಕುಳಿನ ವರೆಗೆ ಒಂದು ಗೆರೆ, ಹೊಲಿಗೆಯ ಗುರುತುಗಳು, ಸ್ವಲ್ಪ ಕಂದಿದ ಚರ್ಮ. "ಇಷ್ಟೇಯಾ? ನಾನು ಏನೇನೋ ನೆನಸಿದ್ದೆನಲ್ಲ ಮಾರಾಯ್ತಿ" ಎಂದನು. ಆಸ್ಪತ್ರೆಯಲ್ಲಿ ಒಂದು ದಿವಸವೂ ಅಳದವಳು ಆಗ ಅತ್ತಳು. ಆ ರಾತ್ರಿ ಅವನು ಚಾಪೆಯನ್ನು ಒಳಗೆ ಹಾಸಿದನು.

ಪ್ರಿಯರೇ, ಯೋಹಾನನ ಸುವಾರ್ತೆಯ ಇಪ್ಪತ್ತನೆಯ ಅಧ್ಯಾಯವನ್ನು ನಾವು ಎಷ್ಟೋ ಸಾರಿ ತೋಮನ ಸಂದೇಹವನ್ನು ಕುರಿತು ಬೋಧಿಸಿದ್ದೇವೆ. ಈಚೆಗೆ ಓದುವಾಗ ನಮಗೆ ಬೇರೊಂದು ಕಂಡಿತು. ಮರಣವನ್ನು ಜಯಿಸಿ ಎದ್ದ ಆ ದೇಹದಲ್ಲಿ ಮೊಳೆಯ ಗುರುತುಗಳೂ ಪಕ್ಕೆಯ ಗಾಯವೂ ಹಾಗೆಯೇ ಇದ್ದವು. ಕರ್ತನು ಅವುಗಳನ್ನು ಮರೆಮಾಡಲಿಲ್ಲ. ಕೇಳುವದಕ್ಕೆ ಮುಂಚೆಯೇ ತನ್ನವರಿಗೆ ತೋರಿಸಿದನು. ತೋಮನು ಅವನನ್ನು ಗುರುತಿಸಿದ್ದು ಅವುಗಳಿಂದಲೇ. ಗಾಯದ ಗುರುತು ಇರುವ ದೇಹವು ಕೆಟ್ಟುಹೋದ ದೇಹವೆಂದು ನಮಗೆ ಯಾರು ಹೇಳಿದರು? ಮಾರುಕಟ್ಟೆಯ ಚಿತ್ರಗಳು ಹೇಳಿರಬಹುದು, ಸುವಾರ್ತೆಯು ಹೇಳಲಿಲ್ಲ. ಆದಕಾರಣ ಗಂಡನಾದವನು ನೋಡುವದನ್ನು ಕಲಿಯಬೇಕು. ಒಂದೇ ದಿವಸದಲ್ಲಿ ಆಗದೆ ಇರಬಹುದು. ಅವಳಿಗೂ ತೋರಿಸಲು ಮನಸ್ಸು ಬಾರದೆ ಇರಬಹುದು, ಆಗ ಒತ್ತಾಯಿಸಬಾರದು. ಆದರೆ ನೋಡದೆ ದೂರವಿರುವದನ್ನು ಸೂಕ್ಷ್ಮತೆಯೆಂದು ತಿಳಿದುಕೊಂಡು ಸುಮ್ಮನಿರಬಾರದು. ಯಾಕೆ ದೂರ ಮಲಗಿದ್ದೇನೆಂದು ಬಾಯಿ ಬಿಟ್ಟು ಹೇಳಬೇಕು. ಹಾಸಿಗೆ, ತಟ್ಟೆ, ಲೋಟ ಬೇರೆ ಮಾಡುವವರೂ ಉಂಟು. ಈ ರೋಗವು ಮುಟ್ಟಿದರೆ ಅಂಟುವ ರೋಗವಲ್ಲ.

ರೋಗಿಯೂ ಹಾಗೆಯೇ ಗಂಡನನ್ನು ಕಾಪಾಡುವದಕ್ಕಾಗಿ ತನ್ನ ನೋವನ್ನು ಬಚ್ಚಿಡುವದುಂಟು. ಫ್ಯಾನಿ ಬರ್ನಿ ಎಂಬ ಆಂಗ್ಲ ಕಾದಂಬರಿಕಾರ್ತಿಗೆ 1811ನೆಯ ಸೆಪ್ಟೆಂಬರ್ 30ರಂದು ಪ್ಯಾರಿಸ್ ಪಟ್ಟಣದಲ್ಲಿ ಸ್ತನವನ್ನು ಕೊಯ್ದು ತೆಗೆದರು. ಮೈಮರೆಸುವ ಔಷಧವು ಯೂರೋಪಿನ ವೈದ್ಯರಿಗೆ ಇನ್ನೂ ತಿಳಿಯದ ಕಾಲವದು. ಕೊಟ್ಟದ್ದು ಒಂದು ಪಾನೀಯ ಮಾತ್ರ. ಆ ದಿವಸವು ಗಂಡನಿಗೆ ಗೊತ್ತಾಗದಂತೆ ಅವಳು ಏರ್ಪಾಡು ಮಾಡಿಕೊಂಡಿದ್ದಳು; ಅವನು ಕಚೇರಿಯಲ್ಲಿದ್ದನು. ತಿಂಗಳುಗಳಾದ ಮೇಲೆ ತನ್ನ ಅಕ್ಕನಿಗೆ ಎಲ್ಲವನ್ನೂ ಬರೆದಳು. ಬರೆಯುವಾಗಲೂ ಆ ನೆನಪನ್ನು ತಾಳುವದು ಅವಳಿಗೆ ಕಷ್ಟವಾಯಿತು. ಅವಳು 1840ರ ವರೆಗೆ ಬದುಕಿದಳು. ಕತ್ತಿಯ ಕೆಳಗೆ ಮಲಗುವವಳು ಗಂಡನ ಭಯವನ್ನೂ ತಾನೇ ಹೊತ್ತುಕೊಂಡಳಲ್ಲಾ! ನಮ್ಮ ತಾಯಂದಿರಲ್ಲಿ ಇಂಥವರು ಎಷ್ಟು ಮಂದಿ ಇಲ್ಲ? "ನನಗೇನೂ ಇಲ್ಲ, ನೀವು ಊಟ ಮಾಡಿ" ಎಂಬ ಮಾತನ್ನು ಗಂಡನು ಪೂರ್ತಿ ನಂಬಬಾರದು.

ಆದಿಕಾಂಡದಲ್ಲಿ ಸ್ತ್ರೀಯನ್ನು ಸಹಾಯಕಳೆಂದು ಹೇಳಿರುವದನ್ನು ಹಿಡಿದು, ಸಹಾಯ ಮಾಡುವದು ಅವಳ ಪಾಲು, ಮಾಡಿಸಿಕೊಳ್ಳುವದು ನಮ್ಮ ಪಾಲು ಎಂದು ತಿಳಿಯುವವರುಂಟು. ಅಲ್ಲಿರುವ ಇಬ್ರಿಯ ಶಬ್ದವು ಏಜೆರ್ ಎಂಬದು. ಅದೇ ಶಬ್ದವನ್ನು ಕೀರ್ತನೆಗಳಲ್ಲಿ ದೇವರಿಗೆ ಹೇಳಲಾಗಿದೆ; ಆತನೇ ಇಸ್ರಾಯೇಲಿನ ಸಹಾಯವು. ದೇವರಿಗೆ ಕಡಿಮೆಯಾಗದ ಕೆಲಸವು ಗಂಡನಿಗೆ ಕಡಿಮೆಯಾಗುವದು ಹೇಗೆ? ನೀರು ಸೇದುವದು, ಹಂಡೆಗೆ ತುಂಬುವದು, ಬಚ್ಚಲ ಒಲೆಗೆ ಸೌದೆ ಒಟ್ಟುವದು, ಅನ್ನದ ಪಾತ್ರೆಯನ್ನು ಇಳಿಸಿ ಗಂಜಿ ಬಸಿಯುವದು, ಕಂಬಳಿ ಒಗೆಯುವದು: ಮಲೆನಾಡಿನ ಮನೆಯಲ್ಲಿ ಇವೆಲ್ಲ ಭುಜದ ಕೆಲಸಗಳು. ಕಂಕುಳಿನ ಗ್ರಂಥಿಗಳನ್ನು ತೆಗೆಸಿಕೊಂಡವಳು ಮೊದಲ ನಾಲ್ಕಾರು ವಾರ ಇವುಗಳಲ್ಲಿ ಒಂದನ್ನೂ ಮಾಡಬಾರದು. ಮಿಕ್ಸಿ ಇರುವ ಮನೆಯಲ್ಲಿಯೂ ಈ ಕೆಲಸಗಳು ತಪ್ಪಿಲ್ಲ.

ಹಾಗೆಂದು ಕೈಯನ್ನು ಕಟ್ಟಿಹಾಕಲೂ ಬಾರದು. ಅಲುಗಿಸದ ಭುಜವು ಬಿಗಿದುಕೊಂಡುಬಿಡುವದು. ವೈದ್ಯರು ಹೇಳಿದ ದಿವಸದಿಂದ, ಗೋಡೆಯ ಮುಂದೆ ನಿಂತು ಬೆರಳುಗಳನ್ನು ಮೇಲಕ್ಕೆ ಮೇಲಕ್ಕೆ ನಡಿಸುವದು, ತಲೆ ಬಾಚಿಕೊಳ್ಳುವದು, ಬೆನ್ನ ಹಿಂದೆ ಕೈ ತರುವದು, ಹೀಗೆ ಸ್ವಲ್ಪ ಸ್ವಲ್ಪವಾಗಿ ಅಭ್ಯಾಸ ಮಾಡಬೇಕು. ನಾವು ಹೇಳಿದ ಮನೆಯಲ್ಲಿ ಗಂಡನು ವಾರಕ್ಕೊಮ್ಮೆ ಅವಳ ಬೆರಳು ಮುಟ್ಟಿದ ಎತ್ತರಕ್ಕೆ ಅಡಿಗೆಮನೆಯ ಗೋಡೆಯ ಮೇಲೆ ಇದ್ದಲಿನಿಂದ ಒಂದು ಗೆರೆ ಎಳೆಯುತ್ತಿದ್ದನು. ಮೊದಲನೆಯ ಗೆರೆಯು ಅವಳ ಭುಜಕ್ಕಿಂತ ಕೆಳಗೆ ಇತ್ತು. ಒಂದು ವಾರ ಗೆರೆಯು ಮೇಲೇರಲಿಲ್ಲ. ಅವಳು ಬೇಸರದಿಂದ ಎರಡು ದಿವಸ ಗೋಡೆಯ ಹತ್ತಿರಕ್ಕೂ ಹೋಗಲಿಲ್ಲ. ಅವನು ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಮೂರನೆಯ ದಿವಸ ತಾನೂ ಪಕ್ಕದಲ್ಲಿ ನಿಂತು ತನ್ನ ಬೆರಳುಗಳನ್ನು ನಡಿಸಿದನು. ಅಡಿಕೆಯ ಕೊನೆ ಹೊತ್ತು ಹೊತ್ತು ಅವನ ಭುಜವೂ ಬಿಗಿದಿತ್ತೆಂಬದು ಆಗ ತಿಳಿಯಿತಂತೆ.

ಗ್ರಂಥಿಗಳಿಲ್ಲದ ಕೈಯಲ್ಲಿ ನೀರು ಸರಿಯಾಗಿ ಇಳಿಯದೆ ಬಾವು ಬರುವದುಂಟು. ಅದು ಕೂಡಲೇ ಬರಬಹುದು, ವರುಷಗಳಾದ ಮೇಲೆಯೂ ಬರಬಹುದು. ಅದರ ಮೊದಲನೆಯ ಗುರುತನ್ನು ವೈದ್ಯನಿಗಿಂತ ಮುಂಚೆ ಗಂಡನು ಕಾಣಬಲ್ಲನು: ನಿನ್ನೆ ಸಡಿಲವಾಗಿದ್ದ ಬಳೆಯು ಇಂದು ಬಿಗಿಯಾಗಿರುವದು. ತೋಟದ ಮುಳ್ಳು, ಕತ್ತಿಯ ಗಾಯ, ಒಲೆಯ ಸುಟ್ಟಗಾಯ, ಕೀಟದ ಕಡಿತ ಇವುಗಳಿಂದ ಆ ಕೈಯನ್ನು ಕಾಪಾಡಬೇಕು; ತೋಟಕ್ಕೆ ಹೋದರೆ ಕೈಗವಸು ಹಾಕಬೇಕು; ಕೈ ಕೆಂಪಾಗಿ ಬಿಸಿಯಾದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಆ ಕೈಯಿಂದ ಜೀವಮಾನವೆಲ್ಲ ಭಾರ ಎತ್ತಬಾರದೆಂಬದು ಹಿಂದಿನವರ ಮಾತು. ಗಾಯ ಮಾಗಿದ ಮೇಲೆ ನಿಧಾನವಾಗಿ ಬಲವನ್ನು ಹೆಚ್ಚಿಸಿಕೊಳ್ಳುವದು ಒಳ್ಳೇದೆಂದು ಈಗಿನ ವೈದ್ಯರು ಹೇಳುತ್ತಾರೆ. ಶಸ್ತ್ರವೈದ್ಯರ ವಿದ್ಯೆಯೂ ಬದಲಾಗಿದೆ. ಹಿಂದೆ ಎದೆಯ ಸ್ನಾಯುಗಳನ್ನೂ ಸೇರಿಸಿ ತೆಗೆಯುತ್ತಿದ್ದರು. ಗಂಟನ್ನು ಮಾತ್ರ ತೆಗೆದು ಕಿರಣಚಿಕಿತ್ಸೆ ಕೊಟ್ಟರೂ ಅನೇಕರಲ್ಲಿ ಬದುಕುವ ಕಾಲವು ಕಡಿಮೆಯಾಗುವದಿಲ್ಲವೆಂದು ಅಮೆರಿಕದ ಬರ್ನಾರ್ಡ್ ಫಿಷರ್ ಎಂಬ ವೈದ್ಯರೂ ಅವರ ಜೊತೆಯವರೂ 1985ರಲ್ಲಿ ತೋರಿಸಿಕೊಟ್ಟರು. ಯಾರಿಗೆ ಯಾವದು ತಕ್ಕದ್ದೆಂಬದು ಗಂಟಿನ ಗಾತ್ರವನ್ನೂ ಸ್ಥಳವನ್ನೂ ನೋಡಿ ವೈದ್ಯರು ಹೇಳಬೇಕಾದದ್ದು. ಗಂಡಹೆಂಡಿರಿಬ್ಬರೂ ಕೂಡಿ ಹೋಗಿ ಕೇಳಬೇಕಾದದ್ದು.

ಗಂಡನೇ ರೋಗಿಯಾದರೆ? ನಮ್ಮ ಸೀಮೆಯಲ್ಲಿ ಅದು ಹೆಚ್ಚಾಗಿ ಬಾಯಿಯಿಂದ ಆರಂಭವಾಗುವದನ್ನು ಕಾಣುತ್ತೇವೆ. ಇಲ್ಲಿ ಒಂದು ಕಹಿಯಾದ ಮಾತನ್ನು ಹೇಳದೆ ಇರಲಾರೆವು. ಅಡಿಕೆಯೇ ನಮ್ಮಲ್ಲಿ ಅನೇಕರ ಅನ್ನ. ಸಭೆಯ ಕಾಣಿಕೆಯ ಚೀಲಕ್ಕೆ ಬೀಳುವ ಹಣವೂ ಅದರಿಂದಲೇ ಬರುವದು. ಆದರೂ ಹೊಗೆಸೊಪ್ಪು ಸೇರಿದ ಎಲೆಯಡಿಕೆ ಮಾತ್ರವಲ್ಲ, ಬರಿಯ ಅಡಿಕೆಯನ್ನು ಅಗಿಯುವದೂ ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುವದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಶಾಖೆಯು 2004ರಲ್ಲಿ ಪ್ರಕಟಿಸಿದೆ. ಬಾಯಲ್ಲಿ ಮಾಗದ ಹುಣ್ಣು, ಬಿಳಿಯ ಅಥವಾ ಕೆಂಪು ಕಲೆ, ಬಾಯಿ ತೆರೆಯಲು ಕಷ್ಟ, ಇವುಗಳನ್ನು ಮೂರು ವಾರಕ್ಕಿಂತ ಹೆಚ್ಚು ಕಾಯದೆ ತೋರಿಸಿರಿ.

ಅಂಥ ಮನೆಗಳಲ್ಲಿ ಹೆಂಡತಿಗೆ ಒಂದು ಶೋಧನೆ ಬರುವದು. "ಬಿಡಿ ಬಿಡಿ ಎಂದು ಎಷ್ಟು ಹೇಳಿದೆ" ಎಂಬ ಮಾತು ನಾಲಿಗೆಯ ತುದಿಗೆ ಬರುವದು. ಅದು ಸುಳ್ಳಲ್ಲ. ಆದರೆ ದವಡೆಯನ್ನೋ ನಾಲಿಗೆಯ ಭಾಗವನ್ನೋ ಕಳಕೊಂಡು, ಮೂಗಿನ ನಳಿಗೆಯಿಂದ ಸೋಸಿದ ಗಂಜಿಯನ್ನು ಕುಡಿಯುತ್ತಾ ಕುಳಿತವನು ಆ ಮಾತನ್ನು ತನಗೆ ತಾನೇ ರಾತ್ರಿಯೆಲ್ಲಾ ಹೇಳಿಕೊಂಡಿರುತ್ತಾನೆ. ಅವನ ಮಾತು ತೊದಲುವದು. ಅವನ ವಾಕ್ಯವನ್ನು ನೀವು ಮುಗಿಸಿಕೊಡಬೇಡಿರಿ, ಸ್ವಲ್ಪ ಕಾಯಿರಿ, ಇಲ್ಲವೇ ಮಗುವಿನ ಸ್ಲೇಟನ್ನು ಕೈಯಲ್ಲಿ ಕೊಡಿರಿ. ಪೇಟೆಗೆ ಹೋಗಲು ಅವನಿಗೆ ನಾಚಿಕೆಯಾಗುವದು. ಸಂಜೆಯ ಹೊತ್ತು ಒಂದು ಸಾರಿ ಜೊತೆಯಲ್ಲಿ ಹೋಗಿರಿ.

ನಮ್ಮ ನಾಡಿನಲ್ಲಿ ಎಲ್ಲರೂ ಬಲ್ಲ ಒಂದು ದಂಪತಿಗಳ ಸಂಗತಿಯುಂಟು. ಚಿತ್ರನಟರಾದ ಶಿವರಾಜಕುಮಾರರಿಗೆ ಮೂತ್ರಕೋಶದ ಕ್ಯಾನ್ಸರ್ ಆಗಿ, 2024ನೆಯ ಡಿಸೆಂಬರ್ 24ರಂದು ಅಮೆರಿಕದ ಮಯಾಮಿಯಲ್ಲಿ ಆ ಮೂತ್ರಕೋಶವನ್ನು ತೆಗೆದು ಕರುಳಿನಿಂದ ಹೊಸದನ್ನು ಮಾಡಿದರು. 2025ರ ಹೊಸ ವರುಷದ ದಿವಸ ಅವರೂ ಅವರ ಪತ್ನಿಯಾದ ಗೀತಾ ಅವರೂ ಒಟ್ಟಿಗೆ ಕುಳಿತು ಜನರಿಗೆ ತಿಳಿಸಿದರು. ರೋಗದ ಅಂಶವು ಉಳಿದಿಲ್ಲವೆಂಬ ವರ್ತಮಾನವನ್ನು ಕೊಟ್ಟರು. ತಮಗೆ ಭಯವಾಗಿತ್ತೆಂಬದನ್ನೂ ಅವರು ಮರೆಮಾಡಲಿಲ್ಲ. ತೆರೆಯ ಮೇಲೆ ಹತ್ತು ಜನರನ್ನು ಒಬ್ಬರೇ ಹೊಡೆಯುವವರು ಭಯವಾಯಿತೆಂದು ಹೇಳಿದ್ದು, ಪಕ್ಕದಲ್ಲಿ ಹೆಂಡತಿ ಕುಳಿತಿದ್ದದ್ದು, ನಮಗೆ ಬಹಳ ಒಳ್ಳೇದಾಗಿ ಕಂಡಿತು. ಅವರಿಗೆ ಅಮೆರಿಕಕ್ಕೆ ಹೋಗುವ ಅನುಕೂಲವಿತ್ತು, ನಮ್ಮವರಿಗಿಲ್ಲ ಎಂದು ಯಾರಾದರೂ ಅಂದಾರು. ಅದು ನಿಜ. ಆದರೆ ಇಂಥ ಶಸ್ತ್ರಚಿಕಿತ್ಸೆಯಾದ ಯಾರೇ ಆಗಲಿ, ಹೊಸ ಮೂತ್ರಕೋಶವನ್ನು ಬರಿದು ಮಾಡುವದಕ್ಕೆ ಮೊದಲಲ್ಲಿ ರಾತ್ರಿಯೂ ಎರಡು ಮೂರು ತಾಸಿಗೊಮ್ಮೆ ಏಳಬೇಕಾಗುವದು. ಆ ಏಳುವಿಕೆಯಲ್ಲಿ ಬಡವನ ಹೆಂಡತಿಗೂ ನಟನ ಹೆಂಡತಿಗೂ ವ್ಯತ್ಯಾಸವಿಲ್ಲ.

ಈಗ ಉಪಚಾರ ಮಾಡುವವರನ್ನು ಕುರಿತು. ಯೋಬನ ಹೆಂಡತಿಯನ್ನು ಬೋಧಕರಾದ ನಾವು ಬಹಳ ಬೈದಿದ್ದೇವೆ. ಅವಳು ಆಡಿದ ಒಂದು ಕಠಿಣವಾದ ಮಾತು ನಮಗೆ ನೆನಪಿದೆ. ಅವಳೂ ಅದೇ ಹತ್ತು ಮಕ್ಕಳನ್ನು ಕಳಕೊಂಡವಳೆಂಬದು ನೆನಪಿಲ್ಲ. ಹಳೇ ಒಡಂಬಡಿಕೆಯ ಪುರಾತನ ಗ್ರೀಕ್ ಭಾಷಾಂತರದಲ್ಲಿ ಅವಳ ಮಾತು ಇನ್ನೂ ಉದ್ದವಾಗಿದೆ. ಅಲ್ಲಿ ಅವಳು ತಾನು ಮನೆಯಿಂದ ಮನೆಗೆ ಕೂಲಿಗಾಗಿ ಅಲೆಯುವದನ್ನೂ, ಸೂರ್ಯನು ಯಾವಾಗ ಮುಳುಗಿ ತನಗೆ ವಿಶ್ರಾಂತಿ ಸಿಕ್ಕೀತೆಂದು ಕಾಯುವದನ್ನೂ ಹೇಳುತ್ತಾಳೆ. ದಣಿದವಳ ಬಾಯಿಂದ ಬಂದ ಮಾತೆಂದು ತಿಳಿದ ಮೇಲೆ ಅದು ಬೇರೆಯಾಗಿ ಕೇಳಿಸುವದು. ಉಪಚಾರ ಮಾಡುವವರು ದಣಿಯುವರು, ಸಿಟ್ಟಾಗುವರು, ರೋಗಿಯ ಮೇಲೆ ರೇಗಿ ಆ ಮೇಲೆ ಬಚ್ಚಲಲ್ಲಿ ನಿಂತು ಅಳುವರು. ಇದಕ್ಕೆ ಪ್ರೀತಿ ಕಡಿಮೆಯೆಂದು ಅರ್ಥವಲ್ಲ, ನಿದ್ದೆ ಕಡಿಮೆಯೆಂದು ಅರ್ಥ.

ಯೋಬನ ಸ್ನೇಹಿತರು ಬಂದು ಏಳು ದಿವಸ ಅವನ ಸಂಗಡ ನೆಲದ ಮೇಲೆ ಸುಮ್ಮನೆ ಕುಳಿತರು. ಅಲ್ಲಿಯ ವರೆಗೆ ಅವರು ಮಾಡಿದ್ದೆಲ್ಲ ಸರಿಯಾಗಿತ್ತು. ಬಾಯಿ ತೆರೆದ ಮೇಲೆ ಕೆಟ್ಟಿತು. ನಂಬಿಕೆ ಸಾಲದೆಂದೋ, ಯಾವದೋ ಪಾಪಕ್ಕೆ ಬಂದದ್ದೆಂದೋ, ಎಲ್ಲಾ ಒಳ್ಳೇದಕ್ಕೇ ಎಂದೋ ರೋಗಿಯ ಮುಂದೆ ಹೇಳುವವರು ಆ ಸ್ನೇಹಿತರ ಸಂತತಿಯವರು. ಕುರುಡನಾದ ಬಾರ್ತಿಮಾಯನಿಗೆ ಏನು ಬೇಕೆಂಬದು ಎಲ್ಲರಿಗೂ ಕಾಣುತ್ತಿತ್ತು. ಆದರೂ ಯೇಸು ಸ್ವಾಮಿಯು ಅವನಿಗೆ ಏನು ಬೇಕೆಂದು ಅವನನ್ನೇ ಕೇಳಿದನು. ನಾವು ಕೇಳುವದಿಲ್ಲ, ಊಹಿಸಿಕೊಳ್ಳುತ್ತೇವೆ.

ಆದಕಾರಣ ಸಭೆಯವರಿಗೆ ನಮ್ಮದೊಂದು ಬಿನ್ನಹ. ನಮ್ಮ ಹಿರಿಯರಿಗೆ ಮುಯ್ಯಾಳಿನ ಪದ್ಧತಿ ಗೊತ್ತಿತ್ತು. ಇಂದು ನನ್ನ ಗದ್ದೆಗೆ ನೀನು, ನಾಳೆ ನಿನ್ನ ಗದ್ದೆಗೆ ನಾನು. ರೋಗಿಯಿರುವ ಮನೆಗೂ ಅದೇ ಕ್ರಮದಲ್ಲಿ ಹೋಗಬಾರದೇಕೆ? ನಾಲ್ವರು ಒಟ್ಟಿಗೆ ಹೋಗಿ ಒಂದು ತಾಸು ಕೂರುವದಕ್ಕಿಂತ, ಒಬ್ಬರು ಸೋಮವಾರ ಸೌದೆ ಒಡೆದುಕೊಡಲಿ, ಇನ್ನೊಬ್ಬರು ಬುಧವಾರ ಮಧ್ಯಾಹ್ನದ ಸಾರು ತಂದು ಬಾಗಿಲಲ್ಲಿ ಕೊಟ್ಟು ಹೋಗಲಿ, ಮತ್ತೊಬ್ಬರು ಒಂದು ರಾತ್ರಿ ಬಂದು ಎಚ್ಚರವಾಗಿದ್ದು ಗಂಡನನ್ನು ಮಲಗಿಸಲಿ. ಪ್ರಾರ್ಥನೆಯು ಚಿಕ್ಕದಾಗಿರಲಿ. ಕಾಫಿಯನ್ನು ಕುಡಿಯಬೇಕೆಂದಿದ್ದರೆ ನೀವೇ ಮಾಡಿ ಅವರಿಗೂ ಕೊಡಿರಿ.

ಶಸ್ತ್ರಚಿಕಿತ್ಸೆಯ ನಂತರ ಅನೇಕರಿಗೆ ಮದ್ದಿನ ಚಿಕಿತ್ಸೆ ಕೊಡುವರು. ಕೂದಲು ಉದುರುವದು, ಅದು ಸಾಮಾನ್ಯವಾಗಿ ಮತ್ತೆ ಬರುವದು. ಆದರೆ ಆ ಕಾಲದಲ್ಲಿ ಜ್ವರ ಬಂದರೆ ಅದನ್ನು ಮಳೆಗಾಲದ ಜ್ವರವೆಂದು ಕಷಾಯ ಕೊಟ್ಟು ಬೆಳಗಾಗುವ ವರೆಗೆ ಕಾಯಬಾರದು. ಮದ್ದಿನಿಂದ ರಕ್ತದ ಬಿಳಿಯ ಕಣಗಳು ಕಡಿಮೆಯಾಗಿ ಸಣ್ಣ ಸೋಂಕೂ ಪ್ರಾಣಕ್ಕೆ ಬರಬಹುದು. ಜ್ವರವನ್ನು ಅಳೆಯುವ ಉಪಕರಣವು ಮನೆಯಲ್ಲಿರಬೇಕು, 100.4 ಡಿಗ್ರಿ ತೋರಿಸಿದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಫೋನು ಮಾಡಿ ಹೊರಡಬೇಕು. ಜಯಪುರದಿಂದ ದೊಡ್ಡ ಆಸ್ಪತ್ರೆಗಳು ದೂರ. ಆಷಾಢದ ಮಳೆಯಲ್ಲಿ ಮರ ಬಿದ್ದು ದಾರಿ ನಿಲ್ಲುವದೂ ಉಂಟು. ಯಾವ ಗಾಡಿ, ಯಾರ ನಂಬರು, ಹತ್ತಿರದಲ್ಲಿ ಯಾವ ಆಸ್ಪತ್ರೆ ಎಂಬದನ್ನು ಮೊದಲೇ ಬರೆದು ಬಾಗಿಲ ಹಿಂದೆ ಅಂಟಿಸಿರಿ.

ಹಣದ ವಿಷಯದಲ್ಲಿ ನಾಚಿಕೊಂಡು ತೋಟವನ್ನು ಅಡವಿಡುವದಕ್ಕೆ ಮುಂಚೆ ವಿಚಾರಿಸಿರಿ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಚೀಟಿಯ ಕುಟುಂಬಕ್ಕೆ ವರುಷಕ್ಕೆ 5 ಲಕ್ಷ ರೂಪಾಯಿಯ ವರೆಗೆ ಚಿಕಿತ್ಸೆಯ ಸೌಲಭ್ಯವುಂಟು. ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನು ಕೇಳುವರು, ಅದನ್ನು ಮೊದಲೇ ಪಡೆಯಿರಿ. ಬೆಂಗಳೂರಿನಲ್ಲಿ ಈ ರೋಗಕ್ಕಾಗಿಯೇ ಇರುವ ಕಿದ್ವಾಯಿ ಸಂಸ್ಥೆಯು 1973ರಿಂದ ಬಡವರ ಆಸರೆಯಾಗಿದೆ. ಈ ಕಾಗದಗಳ ಹಿಂದೆ ಓಡಾಡುವದೂ ಪ್ರೀತಿಯೇ.

ನಾವು ಆ ಮನೆಗೆ ಎರಡನೆಯ ಸಾರಿ ಹೋದದ್ದು ಮಳೆಗಾಲ ಕಳೆದ ಮೇಲೆ. ಆ ಸಾರಿ ಒಬ್ಬರೇ ಹೋದೆವು. ತಾಯಿಯು ಜಗಲಿಯಲ್ಲಿ ಕುಳಿತಿದ್ದಳು. ತಲೆಯ ಮೇಲೆ ಬೆರಳಿನಷ್ಟು ಹೊಸ ಕೂದಲು ಬಂದಿತ್ತು. ಗಂಡನು ಕಾಫಿ ತಂದನು. ಬೆಲ್ಲವು ಹೆಚ್ಚಾಗಿತ್ತು. "ಏಳು ತಿಂಗಳಾಯಿತು, ಇನ್ನೂ ಇವರಿಗೆ ಅಳತೆ ಬರಲಿಲ್ಲ" ಎಂದು ಅವಳು ನಕ್ಕಳು. ದೀಪಾವಳಿಯ ಮೊದಲು ಗೋಡೆಗೆ ಸುಣ್ಣ ಬಳಿದಿದ್ದರು. ಅಡಿಗೆಮನೆಯಲ್ಲಿ ಇದ್ದಲಿನ ಗೆರೆಗಳು ಕಾಣಲಿಲ್ಲ. ಕೇಳಿದಾಗ ಅವಳೇ ಎದ್ದು ಗೋಡೆಯ ಬಳಿಗೆ ಹೋಗಿ ಬಲಗೈಯನ್ನು ಎತ್ತಿ, ಕಡೆಯ ಗೆರೆಯು ಇದ್ದ ಎಡೆಯನ್ನು ಮುಟ್ಟಿ ತೋರಿಸಿದಳು. ಮುಂದಿನ ಬುಧವಾರ ತಪಾಸಣೆಗೆ ಘಟ್ಟ ಇಳಿಯಬೇಕಾಗಿತ್ತು. ಇಬ್ಬರಿಗೂ ಅದರ ಭಯವಿತ್ತು. ಪ್ರತಿಸಾರಿಯೂ ಆ ವಾರ ನಿದ್ದೆ ಬರುವದಿಲ್ಲವೆಂದು ಇಬ್ಬರೂ ಹೇಳಿದರು. ಬೆಳಗ್ಗೆ ಬೇಗನೆ ಹೊರಡುವದಕ್ಕೆ ಗಾಡಿಯವನಿಗೆ ಹೇಳಿಯಾಗಿತ್ತು, ಆ ಸಣ್ಣ ತಲೆದಿಂಬು ಚೀಲದ ಪಕ್ಕದಲ್ಲಿ ಸಿದ್ಧವಾಗಿತ್ತು.